ಆ ಹಾಡು ಯಾರ ಮೇಲೆ ಬರೆದದ್ದು ಅಂತ ಕೇಳಿದ್ದೆಯಲ್ಲ

ಪ್ರೀತಿಯ ಪುಟ್ಟೀ,

ಬಜ್‌ಕಾಕ್ಸ್ ಅನ್ನುವ ಬ್ರಿಟಿಷ್ ಬ್ಯಾಂಡಿನ ‘ಎವರ್ ಫಾಲನ್ ಇನ್ ಲವ್’ ಯಾರ ಮೇಲೆ ಬರೆದ ಹಾಡಮ್ಮಾ ಅಂತ ಮೊನ್ನೆ ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1977ರ ನವೆಂಬರ್. ಊರೂರು ತಿರುಗಿ ಹಾಡುತ್ತಿದ್ದ ಬ್ಯಾಂಡಿನವರು ಎಡಿನ್‌ಬರೋದ ಒಂದು ಗೆಸ್ಟ್‌ಹೌಸಿನಲ್ಲಿ ಇಳಿದುಕೊಂಡಿದ್ದರು. ಟೀವಿಯಲ್ಲಿ ‘ಗೈಸ್ ಅಂಡ್ ಡಾಲ್ಸ್’ ಸಿನಿಮಾ ಬರುತ್ತಿತ್ತು. ಪ್ರೀತಿಸಬಾರದವರ ಮೇಲೆ ಪ್ರೀತಿ ಹುಟ್ಟಿದರೆ ಆಗ ಗೊತ್ತಾಗುತ್ತೆ ಅನ್ನುವಂಥ ಮಾತೊಂದು ಬ್ಯಾಂಡಿನ ಹಾಡುಗಾರ ಪೀಟ್ ಶೆಲ್ಲಿಯ ಕಿವಿಗೆ ಬಿತ್ತು. ಅವನಿಗಾಗ 22 ವರ್ಷ. ಮರುದಿನ ಪೋಸ್ಟಾಫೀಸಿನ ಮುಂದೆ ವ್ಯಾನ್ ನಿಂತಿದ್ದಾಗ ಅದರಲ್ಲೇ ಕೂತು ಸಾಲುಗಳನ್ನು ಬರೆದ.

ಮಾತು ಸಿನಿಮಾದಿಂದ ಸಿಕ್ಕಿತು. ಮನಸ್ಸಿನಲ್ಲಿ ಇದ್ದವನು ಮಾತ್ರ ಅವನ ಜೊತೆ ಹಲವು ವರ್ಷ ಬಾಳಿದ ಒಬ್ಬ ಗೆಳೆಯ. ಇದನ್ನು ಶೆಲ್ಲಿಯೇ ಆಮೇಲೆ ಹೇಳಿಕೊಂಡಿದ್ದಾನೆ.

ಗಂಡಸರಿಬ್ಬರ ಸಂಬಂಧ ಅಪರಾಧವಲ್ಲ ಅಂತ ಇಂಗ್ಲೆಂಡಿನಲ್ಲಿ 1967ರಲ್ಲೇ ಕಾನೂನಾಗಿತ್ತು, ಅದೂ 21 ತುಂಬಿದವರಿಗೆ. ಎಡಿನ್‌ಬರೋ ಇರುವುದು ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಕಾನೂನು ತಿದ್ದಿದ್ದು 1980ರಲ್ಲಿ. ಅಂದರೆ ವ್ಯಾನಿನಲ್ಲಿ ಕೂತು ಅವನು ಆ ಹಾಡು ಬರೆದ ಊರಿನಲ್ಲಿ ಅವನ ಪ್ರೀತಿಗೆ ಶಿಕ್ಷೆ ಇತ್ತು! ಬ್ರಿಟಿಷರೇ 1860ರಲ್ಲಿ ನಮಗೆ ಹೇರಿದ 377ನೇ ಸೆಕ್ಷನ್, ವಯಸ್ಕರು ಒಪ್ಪಿ ನಡೆಸುವ ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಮಟ್ಟಿಗೆ, ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 2018ರ ಸೆಪ್ಟೆಂಬರಿನಲ್ಲಿ. ಅದೇ ಡಿಸೆಂಬರಿನಲ್ಲಿ ಶೆಲ್ಲಿ ಎಸ್ಟೋನಿಯಾದಲ್ಲಿ ತೀರಿಕೊಂಡ.

ಹಾಡಿನಲ್ಲಿ ಎಲ್ಲೂ ಅವನು, ಅವಳು ಅಂತ ಬರುವುದಿಲ್ಲ. ಬೇಕೆಂದೇ ಹಾಗೆ ಬರೆದದ್ದು. 1978ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತು. ಹುಡುಗ ಹುಡುಗಿಯರೆಲ್ಲ ತಮ್ಮದೇ ಹಾಡು ಅಂದುಕೊಂಡು ಕುಣಿದರು. ಗಿಟಾರಿನ ಭರಾಟೆಗೆ ಕುಣಿಯಬೇಕು ಅನಿಸುತ್ತೆ ನಿಜ. ಆದರೆ ಮೊದಲ ಸಾಲುಗಳನ್ನು ಗಮನವಿಟ್ಟು ಕೇಳು, ಅವನ ದನಿಯಲ್ಲಿ ಪೆಟ್ಟು ತಿಂದವನ ದೂರು ಇದೆ. ಒಂದು ಗಲಾಟೆಯಾದರೆ ಇರುವ ಸಂಬಂಧವೂ ಕೈಬಿಟ್ಟು ಹೋದೀತು ಅನ್ನುವ ಭಯ ಇದೆ. ನನಗೆ ಕರುಳು ಹಿಂಡುವುದು ಅದೇ.

ಅವತ್ತು ಫೋನಿಡುವ ಮುಂಚೆ ‘ಎಲ್ಲರ ಮನೆಯಲ್ಲೂ ಒಪ್ಪಲ್ಲ ಅಲ್ವಾಮ್ಮ’ ಅಂದೆ. ಯಾರು ಏನು ಅಂತ ನಾನು ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ. ಹುಡುಗನೋ ಹುಡುಗಿಯೋ, ಯಾವ ಜಾತಿಯೋ, ನೀನಾಗಿ ಹೇಳುವವರೆಗೆ ನನಗೆ ಅವಸರವಿಲ್ಲ. ಆದರೆ ಹೇಳಿದರೆ ಅಮ್ಮ ದೂರವಾಗುತ್ತಾಳೆ ಅನ್ನುವ ಭಯ ನಿನಗೆ ಬೇಡ. ಅಪ್ಪನ ಹತ್ತಿರವೂ ಮಾತಾಡಿದ್ದೇನೆ. ಒಂದು ದಿನ ಸುಮ್ಮನಿದ್ದರು, ಆಮೇಲೆ ‘ದೀಪಾವಳಿಗೆ ಇಬ್ಬರೂ ಬರಲಿ’ ಅಂದರು. ರಜೆ ಸಿಗುವ ದಿನ ತಿಳಿಸು, ಟಿಕೆಟ್ ಅವರೇ ಮಾಡಿಸುತ್ತಾರಂತೆ.

ನಿನ್ನ
ಅಮ್ಮ