ಪಿರಮಿಡೆನ್ ನೆಪದಲ್ಲಿ ರಘುವಿಗೆ

ಪ್ರಿಯ ರಘು,

ಈ ಪತ್ರವನ್ನು ನಿನ್ನೊಬ್ಬನಿಗೇ ಕಳುಹಿಸಬಹುದಿತ್ತು. ನಾಲ್ಕು ಜನ ಓದಲಿ ಎಂದು ಇಲ್ಲಿ ಹಾಕುತ್ತಿರುವುದರ ಹಿಂದಿನ ಚಪಲ ನಿನಗೆ ತಿಳಿಯದ್ದೇನಲ್ಲ. ವಿಷಯ ಕೇಳಿದೊಡನೆ ‘ಟುಂಡ್ರಾ ಸ್ವಾಮಿಗಳು ಮತ್ತೆ ಹೊರಟರು’ ಎನ್ನುವೆ. ಎನ್ನು, ಆದರೆ ಪೂರ್ತಿ ಓದು.

ಕೆಲವು ವಾರಗಳಿಂದ ಪಿರಮಿಡೆನ್ ಎಂಬ ಪಾಳು ಊರು ನನ್ನ ತಲೆ ಹೊಕ್ಕು ಕುಳಿತಿದೆ. ನಾರ್ವೆಗೂ ಉತ್ತರ ಧ್ರುವಕ್ಕೂ ನಡುವಿನ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಸ್ವೀಡನ್ನಿನವರು 1910ರಲ್ಲಿ ಆರಂಭಿಸಿ, 1927ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮಾರಿದ ಕಲ್ಲಿದ್ದಲಿನ ಊರು ಅದು. 1980ರ ದಶಕದಲ್ಲಿ ಅಲ್ಲಿ ಸಾವಿರ ಜನರಿದ್ದರು. ಬಿಸಿನೀರಿನ ಈಜುಕೊಳ, ಗ್ರಂಥಾಲಯ, ಪಿಯಾನೋ ಇದ್ದ ಸಾಂಸ್ಕೃತಿಕ ಭವನ, ಹಡಗಿನಲ್ಲಿ ತರಿಸಿದ ಮಣ್ಣಿನಲ್ಲಿ ಬೆಳೆದ ಹುಲ್ಲು, ಎಲ್ಲವೂ ಇದ್ದವು. ಒಂಟಿ ಗಂಡಸರ ವಸತಿಗೆ ‘ಲಂಡನ್’, ಹೆಂಗಸರದಕ್ಕೆ ‘ಪ್ಯಾರಿಸ್’, ಮಕ್ಕಳ ಗಲಾಟೆಯಿಂದ ತುಂಬಿದ್ದ ಸಂಸಾರಸ್ಥರ ಕಟ್ಟಡಕ್ಕೆ ‘ಹುಚ್ಚರ ಮನೆ’ ಎಂದು ಅಲ್ಲಿಯವರೇ ಹೆಸರಿಟ್ಟಿದ್ದರು. ನಮ್ಮ ಹಾಸ್ಟೆಲಿನ ‘ವಿಧಾನಸೌಧ’ ನೆನಪಾಯಿತೇ?

ನನ್ನನ್ನು ಕಾಡಿದ್ದು ಇದಲ್ಲ. 1920ರ ಒಪ್ಪಂದವು ಆ ದ್ವೀಪಗಳನ್ನು ನಾರ್ವೆಗೆ ಕೊಟ್ಟಿತಾದರೂ ಅಲ್ಲಿ ಗಣಿ ನಡೆಸುವ ಸಮಾನ ಹಕ್ಕನ್ನು ಒಪ್ಪಂದಕ್ಕೆ ಸೇರಿದ ಇತರ ದೇಶಗಳವರಿಗೂ ಉಳಿಸಿತ್ತು. ಹಾಗಾಗಿ ಅಗೆಯುತ್ತಿರುವವರೆಗೆ ಮಾತ್ರ ಮಾಸ್ಕೋಗೆ ಅಲ್ಲಿ ಕಾಲೂರಲು ಗಟ್ಟಿ ಕಾರಣವಿತ್ತು. ಗಣಿಗೆ ಸಹಾಯಧನ ಸುರಿದದ್ದು ಇದ್ದಲಿಗಿಂತ ಹೆಚ್ಚಾಗಿ ಬಾವುಟಕ್ಕಾಗಿ ಎಂದೇ ನನಗನಿಸುತ್ತದೆ. ಒಕ್ಕೂಟ ಒಡೆದ ಮೇಲೆ ಹಣ ಬತ್ತಿತು. 1996ರ ಆಗಸ್ಟ್ 29ರಂದು, ಗಣಿ ಕಾರ್ಮಿಕರನ್ನೂ ಅವರ ಕುಟುಂಬದವರನ್ನೂ ಕರೆತರುತ್ತಿದ್ದ ವಿಮಾನ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 141 ಜನರೂ ಸತ್ತರು. 1998ರ ಮಾರ್ಚ್ 31ರಂದು ಗಣಿ ನಿಂತಿತು. ಆ ವರ್ಷವೇ ಊರು ಖಾಲಿಯಾಯಿತು. ಈಗ ಕಿಟಕಿಗಳ ಅಂಚಿನಲ್ಲಿ ಕಡಲಹಕ್ಕಿಗಳು ಸಾಲಾಗಿ ಗೂಡು ಕಟ್ಟಿ, ಗೋಡೆಯುದ್ದಕ್ಕೂ ಹಿಕ್ಕೆಯ ಬಿಳಿ ಗೆರೆ ಇಳಿಸಿವೆ.

ಫಲವಿಲ್ಲದ ಗಣಿಯನ್ನು ಹಕ್ಕು ಉಳಿಸಿಕೊಳ್ಳಲೆಂದೇ ನಡೆಸುವುದು ದೊಡ್ಡ ದೇಶಗಳ ಚಾಳಿ ಎಂದುಕೊಂಡು ಓದುತ್ತಿದ್ದವನಿಗೆ, ಹಬ್ಬಕ್ಕೂ ಹುಟ್ಟುಹಬ್ಬಕ್ಕೂ ತಪ್ಪದೆ ನಿನಗೆ ಮಾಡುವ ಫೋನು ನೆನಪಾಯಿತು. ನನಗೊಬ್ಬ ಹಳೆಯ ಗೆಳೆಯನಿದ್ದಾನೆ ಎಂದು ಹೇಳಿಕೊಳ್ಳುವ ಹಕ್ಕು ಕೈತಪ್ಪದಿರಲಿ ಎಂದಷ್ಟೇ ನಾನು ಕರೆ ಮಾಡುತ್ತೇನೆಯೇ? ನೀನು ಎತ್ತದೇ ಇದ್ದಾಗ ನನಗಾಗುವುದು ಬೇಸರವಲ್ಲ, ರಘು, ನಿರಾಳ. ಮಾತನಾಡಬೇಕಾದ ಕಷ್ಟವಿಲ್ಲದೆ ಕರ್ತವ್ಯ ಮುಗಿದಿರುತ್ತದೆ. ನಿನಗೂ ಹಾಗೆಯೇ ಆಗುತ್ತದೆಯೋ ಏನೋ ಎಂಬ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಬೆಂಗಳೂರಿನ ಡಿಸೆಂಬರಿಗೇ ಮಂಗನಟೋಪಿ ಏರಿಸುವವನು ಧ್ರುವಪ್ರದೇಶದ ರಾಜಕೀಯಕ್ಕೆ ಕೈಹಾಕಿದರೆ ನೆಗಡಿಯ ಜೊತೆ ತತ್ತ್ವಶಾಸ್ತ್ರವೂ ಹತ್ತಿಕೊಳ್ಳುತ್ತದೆ. ಅತ್ತಿಗೆಗೆ ನಮಸ್ಕಾರ ಹೇಳು. ಹಸಿರು ಸ್ವೆಟರಿನ ಪ್ರಕರಣವನ್ನು ಇನ್ನೂ ಹೇಳಿಲ್ಲವಾದರೆ ಈಗಲೂ ಹೇಳಬೇಡ. ಭಾನುವಾರ ಫೋನು ಮಾಡುತ್ತೇನೆ. ಎತ್ತು, ಮಾರಾಯ, ಈ ಪತ್ರಕ್ಕೊಂದು ಲೈಕ್ ಒತ್ತಿ ಜಾರಿಕೊಳ್ಳಬೇಡ.

ಇತಿ ನಿನ್ನ,
ಟುಂಡ್ರಾ ಸ್ವಾಮಿ