ಎಲ್ಲ ಬರೆದೆ, ಕೇಳಿದ್ದನ್ನು ಮಾತ್ರ ಬರೆಯಲಿಲ್ಲ

ಮಾನ್ಯ ಸಂಪಾದಕರೇ,

ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. 2020ರ ಕೊನೆಗೆ ನಡೆದ ಚುನಾವಣೆಯಲ್ಲಿ ಗೆದ್ದು ನಮ್ಮೂರ ಗ್ರಾಮ ಪಂಚಾಯತ್ ಸದಸ್ಯೆಯೂ ಆದೆ. ಮೀಟಿಂಗಿಗೆ ಹೋಗಿ ಬರುತ್ತಾ ಓದಬೇಕು ಅಂತ ಆಸೆ ಹುಟ್ಟಿತು. ಪಿಯುಸಿಗೆ ನಿಂತಿದ್ದ ಓದನ್ನು 42ನೇ ವಯಸ್ಸಿನಲ್ಲಿ ದೂರಶಿಕ್ಷಣದ ಬಿ.ಎ. ಮೂಲಕ ಮುಂದುವರಿಸಿದೆ.

ಮೊದಲ ವರ್ಷದ ರಾಜ್ಯಶಾಸ್ತ್ರ ಪರೀಕ್ಷೆಯಲ್ಲಿ ಪಂಚಾಯತ್ ರಾಜ್ ಬಗ್ಗೆ 15 ಅಂಕದ ಪ್ರಶ್ನೆ ಬಂತು. ಇದು ನನಗಾಗಿಯೇ ಬಂದ ಪ್ರಶ್ನೆ ಅಂದುಕೊಂಡು ನಾಲ್ಕೂವರೆ ಪುಟ ಬರೆದೆ. ಸಿಕ್ಕಿದ್ದು 5 ಅಂಕ.

ಬೇಜಾರಾಯಿತು. ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿದೆ. ಮತ್ತೆ ಮತ್ತೆ ಓದಿದ ಮೇಲೆ ಗೊತ್ತಾಯಿತು, ಮೌಲ್ಯಮಾಪಕರು ನನಗೆ ಅನ್ಯಾಯ ಮಾಡಿರಲಿಲ್ಲ. ಪ್ರಶ್ನೆ ಹೀಗಿತ್ತು: ಪಂಚಾಯತ್ ರಾಜ್ ವ್ಯವಸ್ಥೆ ಅಧಿಕಾರ ವಿಕೇಂದ್ರೀಕರಣವನ್ನು ಎಷ್ಟರ ಮಟ್ಟಿಗೆ ಸಾಧಿಸಿದೆ? ವಿಮರ್ಶಿಸಿ. ನಾನು ಬರೆದದ್ದು ಈ ವ್ಯವಸ್ಥೆಗೆ ಶಿಫಾರಸು ಮಾಡಿದ 1957ರ ಬಲವಂತರಾಯ್ ಮೆಹ್ತಾ ಸಮಿತಿ, 1959ರಲ್ಲಿ ಅದು ಮೊದಲು ಶುರುವಾದ ರಾಜಸ್ಥಾನದ ನಾಗೌರ್, ಪಂಚಾಯತ್‌ಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ, ಗ್ರಾಮ-ತಾಲೂಕು-ಜಿಲ್ಲೆ ಎಂಬ ಮೂರು ಹಂತಗಳು. ಒಂದು ಇಸವಿಯೂ ತಪ್ಪಿರಲಿಲ್ಲ. ಗೈಡಿನಲ್ಲಿ ಇದ್ದ ಹಾಗೆಯೇ ಇತ್ತು. ಆದರೆ 'ಎಷ್ಟರ ಮಟ್ಟಿಗೆ' ಅನ್ನುವ ಎರಡು ಶಬ್ದಕ್ಕೆ ನಾಲ್ಕೂವರೆ ಪುಟದಲ್ಲಿ ಒಂದು ಸಾಲೂ ಇರಲಿಲ್ಲ.

ಆ ಉತ್ತರ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನಮ್ಮ ವಾರ್ಡಿನಲ್ಲಿ ಮಳೆಗಾಲ ಬಂದರೆ ಮಕ್ಕಳು ದಾಟುವುದು ಹಳೆಯ ಅಡಿಕೆ ಮರದ ಕಾಲುಸಂಕದ ಮೇಲೆ. ಗ್ರಾಮಸಭೆಯಲ್ಲಿ ಎಲ್ಲರೂ ಅದನ್ನೇ ಕೇಳಿದರು. ಆದರೆ ಕೇಂದ್ರದಿಂದ ಪಂಚಾಯತ್‌ಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದದ್ದು ಎಷ್ಟು ಕೆಲಸಕ್ಕೆ ಸಾಕು? ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗೆ ವಹಿಸಬಹುದಾದ 29 ವಿಷಯ ಇವೆ, ಸರಿ. ಆದರೆ ಎಷ್ಟು ಅಧಿಕಾರ ಕೊಡಬೇಕು ಅನ್ನುವುದನ್ನು 243ಜಿ ವಿಧಿ ರಾಜ್ಯದ ಶಾಸಕಾಂಗಕ್ಕೇ ಬಿಟ್ಟಿದೆ. ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಇನ್ನೊಂದು ಕಡೆ, ಮಹಿಳೆಯರಿಗೆ ಅರ್ಧ ಸ್ಥಾನ ಅಂತ ಕಾನೂನು ಇರುವುದರಿಂದಲೇ ನನ್ನಂಥವಳು ಆ ಕುರ್ಚಿಯಲ್ಲಿ ಕೂತೆ. ಇದನ್ನೇ ಅಲ್ವಾ ಪ್ರಶ್ನೆ ಕೇಳಿದ್ದು? ಪರೀಕ್ಷೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಮಾತ್ರ ಗೈಡಿನ ಪುಟ.

ನನ್ನ ಮಗಳು ಉಡುಪಿಯಲ್ಲಿ ಮೊದಲ ವರ್ಷದ ಬಿ.ಎ. ಓದುತ್ತಿದ್ದಾಳೆ. ಅವಳ ಗೆಳತಿಯರೂ ಹೀಗೆಯೇ ಓದುವುದನ್ನು ನೋಡುತ್ತಿದ್ದೇನೆ. ಇಂಗ್ಲೆಂಡಿನ ತತ್ವಜ್ಞಾನಿಗಳಾದ ಹಾಬ್ಸ್ ಮತ್ತು ಲಾಕ್ ವಿಚಾರಗಳನ್ನು ಹೋಲಿಸಿ ಅಂದರೆ ಎರಡು ಪುಟ ಹಾಬ್ಸ್, ಎರಡು ಪುಟ ಲಾಕ್. ಹೋಲಿಕೆ ಎಲ್ಲಿ? ಸರ್ಕಾರವೇ ಇಲ್ಲದ ಕಾಲದ ಬದುಕು ಹೇಗಿರುತ್ತದೆ ಅಂತ ಇಬ್ಬರೂ ಹೇಳುತ್ತಾರೆ, ಆಳುವವನನ್ನು ಜನ ಇಳಿಸಬಹುದೇ ಎಂಬುದಕ್ಕೆ ಇಬ್ಬರ ಉತ್ತರ ಏನು, ಹೀಗೆ ಒಂದೊಂದು ವಿಷಯಕ್ಕೆ ಇಬ್ಬರನ್ನೂ ಎದುರುಬದುರು ಕೂರಿಸಬೇಕು. ಆಗ ಎರಡು ಪುಟ ಸಾಕು.

'ಚರ್ಚಿಸಿ' ಅಂದರೆ ಏನು ಅಂತ ನನಗೆ ಅರ್ಥವಾದದ್ದು ನಮ್ಮ ಅತ್ತೆಯಿಂದ. ಸಂಸತ್ತಿನ ತಿದ್ದುಪಡಿ ಅಧಿಕಾರದ ಪಾಠ ಓದುತ್ತಿದ್ದೆ. ಕೇಶವಾನಂದ ಭಾರತಿ ಪ್ರಕರಣ ಅಂದರೆ ನಮಗೆ ದೂರದ್ದಲ್ಲ, ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯಾಗಿದ್ದವರು. ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು. 13 ನ್ಯಾಯಮೂರ್ತಿಗಳು ಕೂತು 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಕೊಟ್ಟರು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ. ಅತ್ತೆಗೆ ಇದನ್ನು ಓದಿ ಹೇಳಿದೆ. ಅವರು ಕೇಳಿ, "ನಾವು ಕೂತ ಈ ಜಾಗ ಡಿಕ್ಲರೇಶನ್‌ನಲ್ಲಿ ಬಂದದ್ದು ಮಗಾ. ಕಾನೂನು ಬಾರದಿದ್ದರೆ ಈಗಲೂ ಚಾಲಗೇಣಿಯೇ" ಅಂದರು. ಚಾಲಗೇಣಿ ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ; ಡಿಕ್ಲರೇಶನ್ ಅಂದರೆ ಉಳುವ ಒಕ್ಕಲು ಆ ಭೂಮಿಯ ಹಕ್ಕಿಗೆ ಕೊಡುತ್ತಿದ್ದ ಅರ್ಜಿ. ದೇವರಾಜ ಅರಸು ಕಾಲದಲ್ಲಿ, 1974ರ ನಂತರ, ಈ ಜಿಲ್ಲೆಯ ಎಷ್ಟೋ ಒಕ್ಕಲುಗಳಿಗೆ ಹಾಗೆ ಭೂಮಿ ಬಂತು. ಒಂದೇ ಬಗೆಯ ಕಾನೂನು ಒಬ್ಬರ ಕೈಯಿಂದ ಜಮೀನು ತೆಗೆಯಿತು, ಇನ್ನೊಬ್ಬರ ಮನೆಗೆ ನೆಲ ಕೊಟ್ಟಿತು. ಎರಡೂ ಬದಿಯನ್ನು ಇಟ್ಟು, ಕೊನೆಗೆ ನನಗೆ ಯಾವುದು ಸರಿ ಕಾಣುತ್ತದೆ, ಯಾಕೆ ಅಂತ ಹೇಳುವುದು ಚರ್ಚೆ. ಆ ರಾತ್ರಿ ಬರೆದ ಉತ್ತರಕ್ಕೆ ನಾನು ಗೈಡ್ ತೆರೆಯಲಿಲ್ಲ.

ಈಗ ನಾನು ಮಾಡುವುದು ಇಷ್ಟೇ. ರಾತ್ರಿ ಎಂಟೂವರೆಗೆ ಅಂಗಡಿಯ ಶಟರ್ ಅರ್ಧ ಎಳೆದು ಕಟಿಂಗ್ ಟೇಬಲ್ ಮೇಲೆ ಹಾಳೆ ಇಡುತ್ತೇನೆ. ಮೊಬೈಲಿನಲ್ಲಿ 35 ನಿಮಿಷದ ಟೈಮರ್. ಮೊದಲ ಐದು ನಿಮಿಷ ಉತ್ತರ ಬರೆಯುವುದಿಲ್ಲ. ಪ್ರಶ್ನೆಯ ಕ್ರಿಯಾಪದಕ್ಕೆ ಗೆರೆ ಹಾಕಿ, ನನ್ನ ಉತ್ತರ ಏನು ಅಂತ ಒಂದೇ ವಾಕ್ಯದಲ್ಲಿ ಮೇಲೆ ಬರೆಯುತ್ತೇನೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆಗೆ ಗುರುತು ಹಾಕಬೇಕಲ್ಲ, ಹಾಗೆ. ಆಮೇಲೆ ಬರುವ ಪ್ರತಿಯೊಂದು ಪ್ಯಾರಾ ಆ ವಾಕ್ಯಕ್ಕೆ ಕೆಲಸ ಮಾಡಬೇಕು. ಕೆಲಸ ಮಾಡದ ಇಸವಿ ಎಷ್ಟೇ ಚೆನ್ನಾಗಿ ನೆನಪಿದ್ದರೂ ಬಿಟ್ಟುಬಿಡುತ್ತೇನೆ. ಮೊದಮೊದಲು ಒಂದೂವರೆ ಪುಟಕ್ಕೇ ಕೈ ಸೋಲುತ್ತಿತ್ತು. ಓದಿ ಮಾತ್ರ ಅಭ್ಯಾಸ ಇದ್ದವರಿಗೆ ಮೂರು ಗಂಟೆ ಬರೆಯುವುದು ಸುಲಭ ಅಲ್ಲ.

ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಇಂಟರ್ನಲ್ ಅಂಕಕ್ಕೆ ಮಕ್ಕಳಿಂದ ತರಿಸುವ ಅಸೈನ್‌ಮೆಂಟುಗಳಲ್ಲಿ ಜಾಸ್ತಿಯವು ಮೊಬೈಲಿನಿಂದ ನೋಡಿ ಇಳಿಸಿದವು. ಅದರ ಬದಲು ಹದಿನೈದು ದಿನಕ್ಕೊಮ್ಮೆ ತರಗತಿಯಲ್ಲೇ ಒಂದು ಪ್ರಶ್ನೆ ಕೊಟ್ಟು ಬರೆಸಿ. ಬರೇ ಅಂಕ ಹಾಕಿ ಕೊಡಬೇಡಿ. ಎಲ್ಲಿ ಪ್ರಶ್ನೆ ಬಿಟ್ಟು ಹೋಯಿತು ಅಂತ ಕೆಂಪು ಪೆನ್ನಿನಲ್ಲಿ ಎರಡು ಸಾಲು ಬರೆದು ವಾಪಸ್ ಕೊಡಿ. ನಿಮಗೆ ಕೆಲಸದ ಹೊರೆ ಎಷ್ಟು ಅಂತ ನನಗೆ ಗೊತ್ತು. ಆದರೂ ಕೇಳುತ್ತೇನೆ, ಯಾಕೆಂದರೆ ಆ ಎರಡು ಸಾಲು ನನಗೆ ಸಿಕ್ಕಿದ್ದು ಫಲಿತಾಂಶ ಬಂದ ಮೇಲೆ, ಅದೂ ನಾನೇ ಹುಡುಕಿಕೊಂಡು.

ಭಾನುವಾರ ನಾನು ಮತ್ತು ಮಗಳು ಒಂದೇ ಪ್ರಶ್ನೆಗೆ ಬರೆದು ಹಾಳೆ ಬದಲಾಯಿಸಿ ತಿದ್ದುತ್ತೇವೆ. ಅವಳ ಇಬ್ಬರು ಗೆಳತಿಯರೂ ಬರಲು ಶುರು ಮಾಡಿದ್ದಾರೆ. ಟೇಬಲ್ ದೊಡ್ಡದಿದೆ, ಇನ್ನೂ ನಾಲ್ಕು ಜನ ಕೂತು ಬರೆಯಬಹುದು.

ಒಬ್ಬ ಓದುಗಳು, ಬ್ರಹ್ಮಾವರ