ಬಂದು ಹೋಗುವ ಎಚ್ಚರಿಕೆ ದೀಪಗಳ ತಪಾಸಣೆ: ಜೂನ್ 1ರಿಂದ ಜಾರಿಗೆ ಬರುವ ಬದಲಾವಣೆ

ಮಾನ್ಯ ಗ್ರಾಹಕರೇ,

ಸಕಲೇಶಪುರ, ಮೂಡಿಗೆರೆ ಸೀಮೆಯ ತೋಟಗಳಲ್ಲಿ ದುಡಿಯುವ ತಮ್ಮ ಹಳೆಯ ಜೀಪು, ಜಿಪ್ಸಿ, ಬೊಲೆರೊ ಮತ್ತು ಥಾರ್ ವಾಹನಗಳನ್ನು ತಾವು ವರ್ಷಗಳಿಂದ ನಮ್ಮ ಸಹಕಾರಿ ಗ್ಯಾರೇಜಿಗೆ ನಂಬಿಕೆಯಿಂದ ತರುತ್ತಿದ್ದೀರಿ. ಮೀಟರ್ ಬೋರ್ಡಿನಲ್ಲಿ ಒಮ್ಮೆ ಹತ್ತಿ, ಮತ್ತೊಮ್ಮೆ ತಾನಾಗಿಯೇ ಆರುವ ಎಚ್ಚರಿಕೆ ದೀಪಗಳ ದೂರನ್ನು ನಾವು ಪರೀಕ್ಷಿಸುವ ಕ್ರಮವನ್ನು ಇದೇ ಜೂನ್ 1ರಿಂದ ಬದಲಿಸುತ್ತಿದ್ದೇವೆ. ಇನ್ನು ಮುಂದೆ ಇಂತಹ ದೂರಿದ್ದಲ್ಲಿ ವಾಹನವನ್ನು ಕನಿಷ್ಠ ಒಂದು ರಾತ್ರಿ ನಮ್ಮಲ್ಲಿ ಬಿಡಬೇಕಾಗುತ್ತದೆ. ಹುಡುಕಾಟಕ್ಕೆ ಹಿಡಿಯುವ ಸಮಯಕ್ಕೆ ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕವಿರುತ್ತದೆ. ದೋಷವಿರುವ ಜಾಗ ಅಳತೆಯಿಂದ ಖಚಿತವಾಗುವವರೆಗೆ ನಾವು ಯಾವ ಬಿಡಿಭಾಗವನ್ನೂ ಬದಲಿಸುವುದಿಲ್ಲ.

ಈ ತೀರ್ಮಾನಕ್ಕೆ ಕಾರಣವಾದದ್ದು ಕಳೆದ ಮಳೆಗಾಲದಲ್ಲಿ ನಮ್ಮಿಂದಲೇ ಆದ ಒಂದು ತಪ್ಪು. ಬಿಸಿಲೆ ಕಡೆಯ ಬೆಳೆಗಾರರೊಬ್ಬರ ಜೀಪಿನಲ್ಲಿ ಮಳೆ ಬಂದಾಗಲೆಲ್ಲ ಬ್ಯಾಟರಿಯ ದೀಪ ಮಂದವಾಗಿ ಹತ್ತುತ್ತಿತ್ತು. ಮಳೆ ನಿಂತು ಅವರು ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಆರಿರುತ್ತಿತ್ತು. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ಗೆ ನೀರು ಬೀಳುತ್ತಿದೆಯೆಂದು ಊಹಿಸಿ ನಾವು ಮೊದಲು ಅದನ್ನು ಬದಲಿಸಿದೆವು. ಮೂರು ವಾರದ ನಂತರ ದೀಪ ಮರಳಿತೆಂದು ಬ್ಯಾಟರಿಯನ್ನೂ ಬದಲಿಸಿದೆವು. ಮೂರನೆಯ ಸಲ ಅವರು ಬಂದಾಗ ವಾಹನವನ್ನು ರಾತ್ರಿಯಿಡೀ ಉಳಿಸಿಕೊಂಡು, ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ವೈಪರ್ ಮತ್ತು ಬ್ಲೋವರ್ ಎರಡನ್ನೂ ಹಾಕಿ, ಬ್ಯಾಟರಿಯ ಪಾಸಿಟಿವ್ ತುದಿಗೂ ಫ್ಯೂಸ್ ಬಾಕ್ಸಿಗೆ ಕೀ ಸ್ವಿಚ್ಚಿನಿಂದ ಬರುವ ತಂತಿಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದಾಗ 2 ವೋಲ್ಟಿಗೂ ಹೆಚ್ಚು ಕೊರತೆ ಕಂಡಿತು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಇರಬಾರದು. ಕೀ ಸ್ವಿಚ್ಚಿನ ಹಿಂದೆ ತಂತಿಗಳನ್ನು ಜೋಡಿಸುವ ಕಪ್ಲರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು ಹಿಡಿದು ಒಂದು ಪಿನ್ ಸುಟ್ಟು ಕಪ್ಪಾಗಿತ್ತು.

ಬ್ಯಾಟರಿ ದೀಪದ ಒಂದು ತುದಿಗೆ ಕೀ ಸ್ವಿಚ್ಚಿನ ಕಡೆಯಿಂದಲೂ ಇನ್ನೊಂದು ತುದಿಗೆ ಆಲ್ಟರ್ನೇಟರ್ ಕಡೆಯಿಂದಲೂ ವಿದ್ಯುತ್ ಬರುತ್ತದೆ, ಎರಡೂ ಸಮವಾಗಿದ್ದರೆ ಮಾತ್ರ ದೀಪ ಆರಿರುತ್ತದೆ. ಆ ಜೀಪಿನಲ್ಲಿ ಆಲ್ಟರ್ನೇಟರ್ ಸರಿಯಾಗಿಯೇ 14 ವೋಲ್ಟ್ ಕೊಡುತ್ತಿತ್ತು. ಸುಟ್ಟ ಪಿನ್ನಿನಿಂದಾಗಿ ಕೀ ಸ್ವಿಚ್ಚಿನ ಕಡೆಯ ವೋಲ್ಟೇಜ್ ಕುಸಿಯುತ್ತಿತ್ತು. ಮಳೆಗೂ ಆ ದೀಪಕ್ಕೂ ಇದ್ದ ನಂಟು ವೈಪರ್‌ನದು: ವೈಪರ್ ಹಾಕಿದಾಗ ಆ ದುರ್ಬಲ ಕಪ್ಲರ್‌ನ ಮೇಲೆ ವಿದ್ಯುತ್ತಿನ ಭಾರ ಬೀಳುತ್ತಿತ್ತು, ಅಷ್ಟೇ. ಬಿಸಿಲಿನಲ್ಲಿ ವೈಪರ್ ಹಾಕಿದ್ದರೂ ದೀಪ ಹತ್ತುತ್ತಿತ್ತು. ಅದನ್ನು ಕೇಳಬೇಕೆಂದು ನಮಗೆ ಹೊಳೆಯಲಿಲ್ಲ. ಆ ಗ್ರಾಹಕರಿಗೆ ಎರಡೂ ಬಿಡಿಭಾಗಗಳ ಹಣವನ್ನು ಹಿಂದಿರುಗಿಸಿದ್ದೇವೆ. ಆದರೆ ಮಳೆಗಾಲದ ಎರಡು ತಿಂಗಳು ಅವರು ನಂಬಿಕೆಯಿಲ್ಲದ ವಾಹನದಲ್ಲಿ ಘಟ್ಟದ ದಾರಿಯಲ್ಲಿ ಓಡಾಡಿದ್ದನ್ನು ಹಿಂದಿರುಗಿಸಲು ನಮ್ಮಿಂದಾಗದು.

ಬಂದು ಹೋಗುವ ದೋಷವನ್ನು ಅದು ಬಂದಿರುವ ಹೊತ್ತಿನಲ್ಲಿ, ಇಲ್ಲವೇ ಅದು ಬರುವ ಸ್ಥಿತಿಯನ್ನು ಮತ್ತೆ ನಿರ್ಮಿಸಿಯೇ ಹಿಡಿಯಬೇಕು. ಎಂಜಿನ್ ತಣ್ಣಗಿರುವಾಗ, ಪೂರ್ತಿ ಕಾದಾಗ, ಕುಲುಕಾಟವಿರುವ ಕಲ್ಲುದಾರಿಯಲ್ಲಿ, ಕಪ್ಲರ್‌ಗಳಿಗೆ ನೀರು ಚಿಮುಕಿಸಿದಾಗ, ತಂತಿಯ ಕಟ್ಟನ್ನು ಕೈಯಿಂದ ಅಲುಗಾಡಿಸಿದಾಗ ಏನಾಗುತ್ತದೆಂದು ಒಂದೊಂದಾಗಿ ನೋಡಲು ಅರ್ಧ ಗಂಟೆ ಸಾಲದು. ತಂತಿ ಸರಿಯಿದೆಯೇ ಎಂದು ಮೀಟರಿನ ಓಮ್ ಅಳತೆಯಲ್ಲಿ, ಅಂದರೆ ತಂತಿಯ ವಿದ್ಯುತ್ ತಡೆಯನ್ನು ಅಳೆದು, ನೋಡುವುದೂ ಸಾಲದು, ಏಕೆಂದರೆ ಒಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರಿನ ಅತಿಸಣ್ಣ ವಿದ್ಯುತ್ ಅದರಲ್ಲಿ ಸಲೀಸಾಗಿ ಹರಿದು ತಂತಿ ಸರಿಯಿದೆಯೆಂದೇ ತೋರಿಸುತ್ತದೆ. ಆದ್ದರಿಂದ ವೈಪರ್, ಬ್ಲೋವರ್‌ಗಳಂತಹ ವಿದ್ಯುತ್ತಿನ ಭಾರ ಹಾಕಿ, ಎರಡು ತುದಿಗಳ ನಡುವಿನ ವೋಲ್ಟೇಜ್ ಕೊರತೆಯನ್ನು ಅಳೆಯುವುದನ್ನೇ ಇನ್ನು ಮುಂದೆ ನಮ್ಮ ಮೊದಲ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇವೆ.

ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ದೀಪಗಳು ಒಟ್ಟಿಗೆ ಹತ್ತಿದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ಅರ್ಥ್ ತಂತಿಗಳನ್ನೇ ನಾವು ಮೊದಲು ನೋಡುತ್ತೇವೆ. ಗೇರ್‌ಬಾಕ್ಸ್ ಇಳಿಸಿ ಮತ್ತೆ ಜೋಡಿಸಿದ ವಾಹನಗಳಲ್ಲಿ ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿಯನ್ನು ಮರಳಿ ಹಾಕದೆ ಬಿಟ್ಟಿರುವುದು, ಅಥವಾ ಬಣ್ಣ ಕೆರೆಯದೆ ಅದರ ಮೇಲೆಯೇ ಬೋಲ್ಟ್ ಬಿಗಿದಿರುವುದು ಉಂಟು. ಆಗ ಸೆಲ್ಫ್ ಹೊಡೆಯುವ ವಿದ್ಯುತ್ತು ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಂಡು ಕೇಬಲ್ ಬಿಸಿಯಾಗುತ್ತದೆ. ಹೆಚ್ಚುವರಿ ಲೈಟು, ಹಾರ್ನು, ವಿಂಚುಗಳಿಗಾಗಿ ಮೂಲ ವೈರಿಂಗಿನ ಸಿಪ್ಪೆ ಸುಲಿದು ಟೇಪ್ ಸುತ್ತಿದ ಜಾಗಗಳೂ, ಇಲಿ ಕಡಿದ ಜಾಗಗಳೂ, ರಿಲೇಯ ಒಳಗೆ ಇರುವೆ ಸಿಕ್ಕಿಕೊಂಡ ಪ್ರಕರಣಗಳೂ ಮಲೆನಾಡಿನಲ್ಲಿ ಕಡಿಮೆಯಿಲ್ಲ.

ಮೀಟರ್ ಬೋರ್ಡಿನ ಬ್ರೇಕ್ ದೀಪದ ವಿಷಯವನ್ನು ವಿಶೇಷವಾಗಿ ಹೇಳಬೇಕು. ಇಳಿಜಾರಿನಲ್ಲಿ ಅಥವಾ ತಿರುವಿನಲ್ಲಿ ಮಾತ್ರ ಅದು ಮಿಣುಕಿದರೆ ಅನೇಕರು ಹ್ಯಾಂಡ್‌ಬ್ರೇಕ್ ಸ್ವಿಚ್ಚೆಂದು ಸುಮ್ಮನಾಗುತ್ತಾರೆ. ಬ್ರೇಕ್ ಪ್ಯಾಡ್ ಸವೆದಂತೆಲ್ಲ ಡಬ್ಬಿಯಲ್ಲಿನ ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತದೆ, ವಾಹನ ವಾಲಿದಾಗ ಒಳಗಿನ ತೇಲುಬಿಲ್ಲೆ ಕೆಳಗಿಳಿದು ದೀಪ ಹತ್ತುತ್ತದೆ. ಆಯಿಲ್ ತುಂಬಿಸಿದರೆ ದೀಪ ಆರುವುದು ನಿಜ, ಆದರೆ ಪ್ಯಾಡು ಸವೆದೇ ಇರುತ್ತದೆ. ಸೋರಿಕೆಯಿದ್ದರೆ ಅದೂ ಮುಂದುವರಿಯುತ್ತದೆ. ಶಿರಾಡಿ, ಚಾರ್ಮಾಡಿ ಇಳಿಯುವವರು ಇದನ್ನು ಮುಂದೂಡಬಾರದೆಂದು ಕಳಕಳಿಯಿಂದ ಕೋರುತ್ತೇವೆ. ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರುವ ವಾಹನಗಳಲ್ಲಿ ಆ ದೀಪ ಹತ್ತಿದರೆ ಚಕ್ರದ ಸೆನ್ಸರ್‌ಗೆ ಮೆತ್ತಿದ ಕೆಸರು, ಸಡಿಲವಾದ ಬೇರಿಂಗ್, ಸ್ಟೇರಿಂಗ್ ತಿರುಗಿದಂತೆಲ್ಲ ಬಾಗಿ ಬಾಗಿ ಒಳಗೇ ತುಂಡಾದ ತಂತಿ, ಇವು ಮೂರನ್ನೂ ನೋಡಿದ ಮೇಲಷ್ಟೇ ಬೇರೆ ಮಾತು.

ಎಂಜಿನ್ ಆಯಿಲ್ ಒತ್ತಡದ ಕೆಂಪು ದೀಪ ಮಾತ್ರ ಈ ಎಲ್ಲ ಕ್ರಮಕ್ಕೂ ಹೊರತು. ಎಂಜಿನ್ ಕಾದು ನಿಧಾನವಾಗಿ ತಿರುಗುವಾಗ ಅದು ಕ್ಷಣಕಾಲ ಮಿಣುಕಿದರೂ ದಯವಿಟ್ಟು ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ, ನಮಗೆ ಫೋನ್ ಮಾಡಿ. ಕೆಟ್ಟಿರುವುದು ಅಗ್ಗದ ಸ್ವಿಚ್ಚೇ ಇರಬಹುದು, ಆದರೆ ಅದನ್ನು ಬಿಚ್ಚಿ ಆ ಜಾಗಕ್ಕೆ ಒತ್ತಡದ ಗೇಜ್ ಹಾಕಿ ನೋಡುವವರೆಗೆ ಹಾಗೆಂದು ಯಾರೂ ಹೇಳಲಾರರು.

ಸ್ಕ್ಯಾನರ್ ಹಾಕಿ ಹತ್ತು ನಿಮಿಷದಲ್ಲಿ ಹೇಳಲಾಗದೇ ಎಂದು ಹಲವರು ಕೇಳುತ್ತಾರೆ. ವಾಹನವೇ ತನ್ನ ದೋಷಗಳನ್ನು ಕೋಡ್ ರೂಪದಲ್ಲಿ ದಾಖಲಿಸಿ ಸ್ಕ್ಯಾನರ್‌ಗೆ ತಿಳಿಸುವ ಓಬಿಡಿ-2 ವ್ಯವಸ್ಥೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಜೀಪುಗಳಲ್ಲಿ ಸ್ಕ್ಯಾನರ್‌ಗೆ ಓದಲು ಏನೂ ಇರುವುದಿಲ್ಲ. ಆ ವ್ಯವಸ್ಥೆ ಇರುವ ವಾಹನಗಳಲ್ಲಿಯೂ ಕೋಡ್ ತಿಳಿಸುವುದು ಯಾವ ಸರ್ಕ್ಯೂಟಿನಲ್ಲಿ ಅಸಹಜತೆ ಕಂಡಿತೆಂಬುದನ್ನು ಮಾತ್ರ. ಅಲ್ಲಿ ಕೆಟ್ಟಿರುವುದು ಸೆನ್ಸರೋ, ತಂತಿಯೋ, ಕಪ್ಲರೋ ಎಂಬುದನ್ನು ಮನುಷ್ಯರೇ ಹುಡುಕಬೇಕು. ಕೋಡ್ ಮೂಡಿದ ಕ್ಷಣದಲ್ಲಿ ಎಂಜಿನ್ನಿನ ವೇಗ, ಬಿಸಿ, ಭಾರ ಎಷ್ಟಿತ್ತೆಂಬ ದಾಖಲೆ ಆ ಕೋಡ್‌ನ ಜೊತೆಗೆ ಉಳಿದಿರುತ್ತದೆ, ನಮಗೆ ಬೇಕಾದ ಸಾಕ್ಷ್ಯ ಅದೇ. ಕೋಡ್ ಅಳಿಸಿ ಕಳುಹಿಸುವ ಕೆಲಸವನ್ನು ನಾವು ನಿಲ್ಲಿಸಿರುವುದು ಈ ಕಾರಣಕ್ಕೆ. ಬರುವ ಮುನ್ನ ತಾವೂ ಬ್ಯಾಟರಿಯ ತಂತಿ ಕಳಚಬೇಡಿ, ಎಂಜಿನ್ನಿಗೆ ನೀರು ಹೊಡೆಸಿ ತೊಳೆಸಬೇಡಿ.

ತಮ್ಮಿಂದ ನಮಗೆ ಬೇಕಾದ ಸಹಾಯ ಇಷ್ಟು. ದೀಪ ಹತ್ತಿದಾಗ ಪಕ್ಕದಲ್ಲಿರುವವರಿಂದ ಮೀಟರ್ ಬೋರ್ಡಿನ ಫೋಟೊ ತೆಗೆಸಿ. ಆಗ ವೈಪರ್, ಹೆಡ್‌ಲೈಟ್, ಬ್ಲೋವರ್ ಯಾವುದು ಚಾಲೂ ಇತ್ತು, ಎಂಜಿನ್ ಎಷ್ಟು ಹೊತ್ತು ಓಡಿತ್ತು, ದಾರಿ ಹೇಗಿತ್ತು, ಹಿಂದಿನ ದಿನ ಡೀಸೆಲ್ ಎಲ್ಲಿ ಹಾಕಿಸಿದ್ದಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡಿ. ಕೀ ತಿರುಗಿಸಿ ಎಂಜಿನ್ ಚಾಲೂ ಮಾಡುವ ಮುನ್ನ ಬ್ಯಾಟರಿ ಮತ್ತು ಆಯಿಲ್ ದೀಪಗಳು ಹತ್ತುತ್ತವೆಯೇ ಎಂದೂ ನೋಡಿ. ಹತ್ತದ ದೀಪ ನಿಜವಾದ ಅಪಾಯದಲ್ಲೂ ಹತ್ತುವುದಿಲ್ಲ.

ಶುಲ್ಕ ಗಂಟೆಗೆ 400 ರೂಪಾಯಿ. ಮೂರು ಗಂಟೆ ದಾಟುವ ಮುನ್ನ ಫೋನ್ ಮಾಡಿ ತಮ್ಮ ಒಪ್ಪಿಗೆ ಪಡೆಯುತ್ತೇವೆ. ಏನನ್ನು ಅಳೆದೆವು, ಎಷ್ಟು ಬಂತು ಎಂಬುದನ್ನು ಬರೆದ ಜಾಬ್ ಕಾರ್ಡನ್ನು, ದೋಷ ಸಿಗದಿದ್ದರೂ, ತಮ್ಮ ಕೈಗೆ ಕೊಡುತ್ತೇವೆ. ಅದನ್ನು ಬೇರೆ ಗ್ಯಾರೇಜಿಗೂ ತೋರಿಸಬಹುದು. ನಾವು ಬದಲಿಸಿದ ಭಾಗ ದೋಷಕ್ಕೆ ಕಾರಣವಲ್ಲವೆಂದು ಆರು ತಿಂಗಳೊಳಗೆ ಕಂಡುಬಂದರೆ ಅದರ ಬೆಲೆ ನಮ್ಮದು. ತೋಟದ ಕೆಲಸಕ್ಕೆ ವಾಹನ ತುರ್ತಾಗಿ ಬೇಕಿರುವವರು ಮುಂಚಿತವಾಗಿ ತಿಳಿಸಿದರೆ ಭಾನುವಾರ ಸಂಜೆ ಬಿಟ್ಟು ಸೋಮವಾರ ಮಧ್ಯಾಹ್ನ ಒಯ್ಯುವ ಏರ್ಪಾಡು ಮಾಡುತ್ತೇವೆ.

ಕಳೆದ ಎರಡು ಮಳೆಗಾಲಗಳಲ್ಲಿ ನಮ್ಮಲ್ಲಿ ಆಲ್ಟರ್ನೇಟರ್, ಬ್ಯಾಟರಿ ಅಥವಾ ಸೆನ್ಸರ್ ಬದಲಿಸಿಕೊಂಡ ಮೇಲೂ ಅದೇ ದೀಪ ಮತ್ತೆ ಕಾಣಿಸಿಕೊಂಡಿದ್ದರೆ, ಹಳೆಯ ಬಿಲ್ಲಿನೊಂದಿಗೆ ಬನ್ನಿ. ಅಂತಹ ವಾಹನಗಳ ಮೊದಲ ತಪಾಸಣೆಗೆ ಶುಲ್ಕವಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಸಹಕಾರಿ ಗ್ಯಾರೇಜಿನ ಸದಸ್ಯ ಮೆಕ್ಯಾನಿಕರು